ಮೈನಸ್ ಎರಡು ಎಂದು ಬರೆದ ವಿದ್ಯಾರ್ಥಿಗೆ ಯಾರು ಉತ್ತರ ಹೇಳಬೇಕು?

ಒಂದನ್ನು ಎಕ್ಸ್ ಸ್ಕ್ವೇರ್‌ನಿಂದ ಭಾಗಿಸಿ, ಅದನ್ನು ಮೈನಸ್ ಒಂದರಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಲು ದ್ವಿತೀಯ ಪಿಯುಸಿಯ ಚುರುಕು ವಿದ್ಯಾರ್ಥಿಗೆ ಹೇಳಿ ನೋಡಬೇಕು. ಸೂತ್ರ ಬಾಯಲ್ಲೇ ಇದೆ. ಅರೆ ನಿಮಿಷದಲ್ಲಿ ಮೈನಸ್ ಎರಡು ಎಂದು ಬರೆದಿಟ್ಟರೆ ಅಚ್ಚರಿಯಿಲ್ಲ. ಆದರೆ ಈ ಫಂಕ್ಷನ್‌ನ ಗ್ರಾಫ್ ಎಲ್ಲೂ ಎಕ್ಸ್ ಅಕ್ಷದ ಕೆಳಕ್ಕೆ ಇಳಿಯುವುದೇ ಇಲ್ಲ. ಗೆರೆ ಪೂರ್ತಿ ಅಕ್ಷದ ಮೇಲಿರುವಾಗ ಅದರಡಿಯ ವಿಸ್ತೀರ್ಣ ಸೊನ್ನೆಗಿಂತ ಕಡಿಮೆಯಾಗುವುದು ಹೇಗೆ? ಸೊನ್ನೆಯ ಹತ್ತಿರ ಗ್ರಾಫ್ ಕೊನೆಯಿಲ್ಲದೆ ಮೇಲೇರುತ್ತದೆ, ಅಲ್ಲಿ ಆ ಸೂತ್ರ ನಡೆಯುವುದಿಲ್ಲ. ಇದನ್ನು ಗಮನಿಸುವ ಕಣ್ಣು ಸೂತ್ರಗಳ ಪಟ್ಟಿಯಿಂದ ಬರುವಂಥದ್ದಲ್ಲ. ಮೇಷ್ಟ್ರೊಬ್ಬರು ಇಂಥ ಒಂದೇ ಲೆಕ್ಕಕ್ಕೆ ಇಡೀ ಪೀರಿಯಡ್ ಕೊಟ್ಟಿದ್ದರೆ ಬರುತ್ತದೆ.

ಹಾಗೆ ಕೊಡುವುದನ್ನು ಮೇಷ್ಟ್ರಿಗೆ ಕಲಿಸಿದವರು ಯಾರು?

ನಮ್ಮ ಪಿಯು ಕಾಲೇಜಿನ ಗಣಿತ ಉಪನ್ಯಾಸಕರು ಎಂ.ಎಸ್ಸಿ.ಯಲ್ಲಿ ರಿಯಲ್ ಅನಾಲಿಸಿಸ್, ಟೋಪಾಲಜಿ ಓದಿ ಬಂದವರು. ಬಿ.ಇಡ್. ಮಾಡಿದ್ದರೆ ಬೋಧನೆಯ ಅಭ್ಯಾಸ ಹೆಚ್ಚಾಗಿ ನಡೆದಿರುವುದು ಪ್ರೌಢಶಾಲೆಯಲ್ಲಿ. ಆ ಪಠ್ಯದಲ್ಲಿ ಕ್ಯಾಲ್ಕುಲಸ್ ಇಲ್ಲ. ದ್ವಿತೀಯ ಪಿಯುಸಿ ಗಣಿತದ 13 ಅಧ್ಯಾಯಗಳ ಪೈಕಿ 5 ಕ್ಯಾಲ್ಕುಲಸ್‌ಗೇ ಮೀಸಲು. ಅದನ್ನು ಹೇಗೆ ಕಲಿಸಬೇಕೆಂದು ಮಾತ್ರ ಯಾವ ಹಂತದಲ್ಲೂ ಯಾರೂ ಕೂತು ಚರ್ಚಿಸುವುದಿಲ್ಲ. ಕೊನೆಗೆ ಅವರು ತಮ್ಮ ಮೇಷ್ಟ್ರು ಕಲಿಸಿದಂತೆಯೇ ಕಲಿಸುತ್ತಾರೆ.

ಜರ್ಮನಿಯ ಫೆಲಿಕ್ಸ್ ಕ್ಲೈನ್ ಈ ಕಂದಕವನ್ನು 1908ರಲ್ಲೇ ಗುರುತಿಸಿದ್ದರು. ವಿಶ್ವವಿದ್ಯಾಲಯಕ್ಕೆ ಹೋದ ಹುಡುಗನಿಗೆ ಅಲ್ಲಿನ ಗಣಿತಕ್ಕೂ ಶಾಲೆಯ ಗಣಿತಕ್ಕೂ ನಂಟೇ ಕಾಣುವುದಿಲ್ಲ. ಶಿಕ್ಷಕನಾಗಿ ಶಾಲೆಗೆ ಮರಳಿದಾಗ ವಿಶ್ವವಿದ್ಯಾಲಯದ ಗಣಿತ ಕೈಗೆ ಬರುವುದಿಲ್ಲ. ಗಾಟಿಂಗನ್‌ನಲ್ಲಿ ಶಿಕ್ಷಕರಿಗೆಂದೇ ಅವರು ಉಪನ್ಯಾಸಗಳನ್ನು ಕೊಟ್ಟರು. ಶಾಲೆಗಳಲ್ಲಿ ಕ್ಯಾಲ್ಕುಲಸ್ ಇರಬೇಕೆಂದು ವಾದಿಸಿದ್ದೂ ಅವರೇ. ವಿಷಯವನ್ನು ಪಠ್ಯಕ್ಕೆ ಸೇರಿಸಿದರೆ ಸಾಲದು, ಅದನ್ನು ಕಲಿಸುವವರನ್ನೂ ತಯಾರು ಮಾಡಬೇಕು ಎಂಬುದು ಅವರಿಗೆ ಸ್ಪಷ್ಟವಿತ್ತು.

ತಯಾರಿ ಎಂದರೆ ಇನ್ನೊಂದಷ್ಟು ಉನ್ನತ ಗಣಿತ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮಕ್ಕಳು ವೃತ್ತದ ಸ್ಪರ್ಶಕ ಕಲಿತಿರುತ್ತಾರೆ: ಅದು ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಒಳಗೆ ನುಗ್ಗುವುದಿಲ್ಲ. ಪಿಯುಸಿಗೆ ಬಂದು ಎಕ್ಸ್ ಕ್ಯೂಬ್‌ನ ಗ್ರಾಫ್ ಬರೆದರೆ ಮೂಲಬಿಂದುವಿನಲ್ಲಿ ಎಕ್ಸ್ ಅಕ್ಷವೇ ಸ್ಪರ್ಶಕ; ಗ್ರಾಫ್ ಅದನ್ನು ದಾಟಿಯೇ ಹೋಗುತ್ತದೆ. ಎಕ್ಸ್ ಒಂದಾಗಿರುವಲ್ಲಿ ಎಳೆದ ಸ್ಪರ್ಶಕವಂತೂ ಎಕ್ಸ್ ಮೈನಸ್ ಎರಡಾಗಿರುವಲ್ಲಿ ಅದೇ ಗ್ರಾಫನ್ನು ಮತ್ತೆ ಸಂಧಿಸುತ್ತದೆ. ಹತ್ತನೇ ತರಗತಿಯಲ್ಲಿ ಕಲಿತದ್ದು ಇಲ್ಲಿ ಅಡ್ಡ ಬರುತ್ತದೆ, ಮತ್ತು ಅಡ್ಡ ಬಂದದ್ದು ಮಗುವಿಗೆ ಗೊತ್ತಾಗುವುದೂ ಇಲ್ಲ. ಅದು ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬ ಈ ತಿಳಿವಳಿಕೆ ಎಂ.ಎಸ್ಸಿ. ಪುಸ್ತಕದಲ್ಲೂ ಇಲ್ಲ, ಬಿ.ಇಡ್. ಪುಸ್ತಕದಲ್ಲೂ ಇಲ್ಲ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್‌ಮನ್ 1986ರಲ್ಲಿ ಇದನ್ನೇ ಶಿಕ್ಷಕರಿಗೆ ಬೇಕಾದ ಪ್ರತ್ಯೇಕ ಜ್ಞಾನ ಎಂದು ಕರೆದು ಅದಕ್ಕೊಂದು ಸ್ಥಾನ ಕೊಟ್ಟರು.

ಒಳ್ಳೆಯ ಮೇಷ್ಟ್ರು ಹುಟ್ಟಿಯೇ ಬರಬೇಕು ಎನ್ನುವವರು ಹೈಮೆ ಎಸ್ಕಲಾಂಟೆಯ ಉದಾಹರಣೆ ಕೊಡುವುದುಂಟು. ಬೊಲಿವಿಯಾದಿಂದ ವಲಸೆ ಬಂದ ಅವರು ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಿದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಎಪಿ ಪರೀಕ್ಷೆ ಪಾಸಾದಾಗ ಪರೀಕ್ಷೆ ನಡೆಸಿದವರಿಗೇ ನಂಬಿಕೆ ಬರಲಿಲ್ಲ. ನಕಲಿನ ಅನುಮಾನದ ಮೇಲೆ 14 ಮಂದಿಗೆ ಮರುಪರೀಕ್ಷೆಯ ಸೂಚನೆ ಬಂತು. ಬರೆದ 12 ಮಂದಿಯೂ ಪಾಸಾದರು. 1988ರಲ್ಲಿ ಈ ಕಥೆ ಸಿನಿಮಾ ಆಯಿತು. ಸಿನಿಮಾ ನೋಡಿದವರಿಗೆ ಉಳಿಯುವುದು ಒಬ್ಬ ವೀರನ ಚಿತ್ರ. ನಿಜದಲ್ಲಿ ಅದರ ಹಿಂದೆ ವರ್ಷಗಳ ಕಟ್ಟೋಣವಿತ್ತು: ಕೆಳಗಿನ ತರಗತಿಗಳಿಂದಲೇ ಬೀಜಗಣಿತದ ಸಿದ್ಧತೆ, ಬೇಸಿಗೆ ತರಗತಿಗಳು, ಬೆನ್ನಿಗೆ ನಿಂತ ಪ್ರಾಂಶುಪಾಲರು, ಜೊತೆಗೂಡಿದ ಸಹೋದ್ಯೋಗಿಗಳು. 1991ರಲ್ಲಿ ಅವರು ಆ ಶಾಲೆ ಬಿಟ್ಟ ಮೇಲೆ ಪಾಸಾಗುವವರ ಸಂಖ್ಯೆ ಇಳಿಯಿತು. ಒಬ್ಬರನ್ನೇ ನೆಚ್ಚಿಕೊಂಡ ವ್ಯವಸ್ಥೆಗೆ ಆಗುವುದೇ ಅದು.

ಹಾಗಾದರೆ ತರಬೇತಿ ಹೇಗಿರಬೇಕು? ಸಭಾಂಗಣದಲ್ಲಿ ಎರಡು ದಿನ ಕೂರಿಸಿ ಪ್ರಶ್ನೆಪತ್ರಿಕೆಯ ನೀಲನಕ್ಷೆ ವಿವರಿಸಿದರೆ ಅದು ಆಡಳಿತದ ಕೆಲಸವಾಯಿತು, ತರಬೇತಿಯಾಗಲಿಲ್ಲ. ಜಪಾನಿನ ಶಿಕ್ಷಕರು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ನಾಲ್ಕೈದು ಜನ ಸೇರಿ ಒಂದೇ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ.

ನಮ್ಮಲ್ಲಿ ಅಂಥ ಮೊದಲ ಪಾಠಕ್ಕೆ ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕವೇ ಸಾಕಷ್ಟು ಕೊಟ್ಟಿದೆ. ಎತ್ತರದಿಂದ ಬಿದ್ದ ವಸ್ತು ಎರಡನೇ ಸೆಕೆಂಡಿನ ಕ್ಷಣದಲ್ಲಿ ಎಷ್ಟು ವೇಗದಲ್ಲಿರುತ್ತದೆ? ಮೊದಲ ಸೆಕೆಂಡಿನಿಂದ ಎರಡನೆಯದರವರೆಗಿನ ಸರಾಸರಿ ವೇಗ ಸೆಕೆಂಡಿಗೆ 14.7 ಮೀಟರ್, 1.9ರಿಂದ ಹಿಡಿದರೆ 19.11; 1.99ರಿಂದ ಹಿಡಿದರೆ 19.551. ಎಲ್ಲಿಗೆ ಹೊರಟಿದೆ ಎಂದು ತರಗತಿ ತಾನೇ ಹೇಳುತ್ತದೆ: 19.6. ‘ಅದು ಸುಮಾರು 19.6ಓ, ಸರಿಯಾಗಿ 19.6ಓ?’ ಎಂದು ಮೇಷ್ಟ್ರು ಕೇಳಬೇಕು. ಕೇಳಿ, ಉತ್ತರ ಹೇಳದೆ ಕಾಯಬೇಕು. ಲಿಮಿಟ್‌ನ ಜೀವ ಇರುವುದು ಅಲ್ಲಿ. ಈ ಪುಟವನ್ನು ಹಾರಿಸಿ ನೇರ ಸೂತ್ರಕ್ಕೆ ಹೋಗುವುದು ದೊಡ್ಡ ನಷ್ಟ.

ಸಮಯವೆಲ್ಲಿದೆ ಎಂಬ ಉಪನ್ಯಾಸಕರ ಪ್ರಶ್ನೆ ನ್ಯಾಯವಾದದ್ದೇ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಪೋಷಕರು ಕೇಳುವುದು ಶಾರ್ಟ್‌ಕಟ್. ಆದರೆ ಶಾರ್ಟ್‌ಕಟ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ತಿಳಿದವನಿಗಷ್ಟೇ ಅದು ಉಪಯೋಗ. ಕನ್ನಡ ಮಾಧ್ಯಮದಿಂದ ಬಂದವರ ಪಾಡು ಇನ್ನೂ ಕಷ್ಟ: ಹೊಸ ಕಲ್ಪನೆ, ಹೊಸ ಭಾಷೆ ಎರಡೂ ಒಂದೇ ವರ್ಷ ಎದುರಾಗುತ್ತವೆ. ಪಠ್ಯ ಇಂಗ್ಲಿಷಿನಲ್ಲಿದ್ದರೂ ಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಬಿಡಿಸಿಡುವ ಅಭ್ಯಾಸ ತರಬೇತಿಯ ಭಾಗವಾಗಲೇಬೇಕು. ಅನಂತ ಶ್ರೇಣಿಗಳ ಸೂಕ್ಷ್ಮ ತರ್ಕವನ್ನು ಕೇರಳದ ಜ್ಯೇಷ್ಠದೇವ ಹದಿನಾರನೇ ಶತಮಾನದಲ್ಲೇ ‘ಯುಕ್ತಿಭಾಷಾ’ದಲ್ಲಿ ಮಲಯಾಳದಲ್ಲಿ ಬರೆದರು, ಕನ್ನಡಕ್ಕೆ ಅದು ಆಗದ ಮಾತಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ರಾಜ್ಯದಲ್ಲೇ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಗಣಿತವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ಎಂ.ಎಸ್ಸಿ.ಇಡ್. ನಡೆಸುತ್ತಾ ಬಂದಿದೆ. ಗ್ರಾಫ್‌ಗಳನ್ನು ಕಣ್ಣೆದುರೇ ಚಲಿಸುವಂತೆ ಮಾಡುವ ಜಿಯೋಜೀಬ್ರಾ ತರಗತಿಗೆ ಉಚಿತವಾಗಿ ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಪತ್ತು ಮೌಲ್ಯಮಾಪನ ಕೇಂದ್ರಗಳಲ್ಲಿದೆ. ಪ್ರತಿ ವರ್ಷ ಉಪನ್ಯಾಸಕರು ಅಲ್ಲಿ ರಾಶಿ ರಾಶಿ ಉತ್ತರಪತ್ರಿಕೆ ತಿದ್ದುತ್ತಾರೆ. ಮಕ್ಕಳು ಮಾಡುವ ತಪ್ಪುಗಳನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ. ಅಂಕ ಹಾಕಿದ ಮೇಲೆ ಆ ತಪ್ಪುಗಳು ಅಲ್ಲೇ ಉಳಿಯುತ್ತವೆ. ಹೆಸರು, ನೋಂದಣಿ ಸಂಖ್ಯೆ ಬಿಟ್ಟು ತಪ್ಪುಗಳನ್ನಷ್ಟೇ ಸಂಗ್ರಹಿಸಿ, ಬೇಸಿಗೆಯಲ್ಲಿ ಜಿಲ್ಲಾ ಮಟ್ಟದ ಗುಂಪುಗಳಿಗೆ ಕೊಟ್ಟರೆ ತರಬೇತಿಯ ಪಠ್ಯ ತಾನಾಗಿಯೇ ಸಿದ್ಧವಾಗುತ್ತದೆ. ಗುಂಪು ಸೇರುವ ದಿನವನ್ನು ಕರ್ತವ್ಯದ ದಿನವೆಂದು ಪದವಿಪೂರ್ವ ಶಿಕ್ಷಣ ಇಲಾಖೆ ಆದೇಶ ಹೊರಡಿಸಬೇಕು, ಪ್ರಯಾಣ ಭತ್ಯೆ ಕೊಡಬೇಕು. ಮೊದಲ ವರ್ಷ ಲಿಮಿಟ್ ಒಂದನ್ನೇ ಹಿಡಿದರೂ ಸಾಕು. ಪ್ರಥಮ ಪಿಯುಸಿ ಪುಸ್ತಕದಲ್ಲಿ ಅದು ಕೊನೆಯ ಅಧ್ಯಾಯಗಳಲ್ಲೊಂದು. ಜೂನ್‌ನಲ್ಲಿ ಕೂತರೆ ಪಾಠವನ್ನು ಎರಡು ಬಾರಿ ತಿದ್ದಿ ತರಗತಿಗೆ ಒಯ್ಯುವಷ್ಟು ಕಾಲಾವಕಾಶ ಇದೆ.