ಪೊಲೀಸರಿಗೆ ಪಾಠ ಹೇಳುವವರು

ಪೊಲೀಸ್ ವ್ಯವಸ್ಥೆ ಸುಧಾರಿಸಬೇಕೆಂಬ ಮಾತು ಎದ್ದಾಗಲೆಲ್ಲ ನಮ್ಮ ಚರ್ಚೆ ಮೇಲಿನ ಹುದ್ದೆಗಳನ್ನೇ ಸುತ್ತುತ್ತದೆ. ಡಿಜಿಪಿಯನ್ನು ಹೇಗೆ ಆರಿಸಬೇಕು, ಎಸ್ಪಿಯನ್ನು ಎಷ್ಟು ವರ್ಷ ಕದಲಿಸಬಾರದು, ವರ್ಗಾವಣೆಯಲ್ಲಿ ರಾಜಕಾರಣಿಗಳ ಕೈ ಎಷ್ಟು ಎಂಬಲ್ಲಿಗೆ ಅದು ಮುಗಿಯುತ್ತದೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆಗೆಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವು ಬಹಳ ಮುಖ್ಯವಾದವು, ನಿಜ. ಆದರೆ ತರಬೇತಿಗೆಂದೇ ಮೀಸಲಾದದ್ದು ಅವುಗಳಲ್ಲಿ ಒಂದೂ ಇಲ್ಲ.

ಅರಕಲಗೂಡಿನ ರೈತನಿಗೆ ಜೀವಮಾನದಲ್ಲಿ ಡಿಜಿಪಿ ಎದುರಾಗುವುದಿಲ್ಲ. ಎದುರಾಗುವವರು ಕೊಣನೂರು ಠಾಣೆಯ ಕಾನ್‌ಸ್ಟೆಬಲ್, ದೂರು ಬರೆದುಕೊಳ್ಳುವ ಠಾಣಾ ಬರಹಗಾರ, ಮಹಜರಿಗೆ ಬರುವ ಹೆಡ್ ಕಾನ್‌ಸ್ಟೆಬಲ್, ಹೆಚ್ಚೆಂದರೆ ಪಿಎಸ್ಐ. ಇಲಾಖೆಯ ಬಹುಪಾಲು ಜನ ಇವರೇ. ಕಾನೂನು ಜನರ ಪಾಲಿಗೆ ಹೇಗಿರುತ್ತದೆ ಎಂಬುದು ಇವರ ಕೈ, ಬಾಯಿ, ಕಣ್ಣು ಹೇಗೆ ಪಳಗಿವೆ ಎಂಬುದರ ಮೇಲೆ ನಿಂತಿದೆ. ಹಾಗಾದರೆ ಅವನ್ನು ಪಳಗಿಸುವವರು ಯಾರು? ಆ ಕೆಲಸಕ್ಕೆ ನಾವು ಕೊಟ್ಟಿರುವ ಬೆಲೆ ಎಷ್ಟು? ಪೊಲೀಸ್ ಬೋಧಕನ ಹುದ್ದೆ ನಾಗರಿಕರ ಹಕ್ಕುಗಳ ಮಟ್ಟಿಗೆ ನ್ಯಾಯಾಧೀಶರ ಹುದ್ದೆಗಿಂತ ಕಡಿಮೆಯದಲ್ಲ ಎಂದು ನಾನು ನಂಬಿದ್ದೇನೆ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಹಾಸನ ಜಿಲ್ಲೆಯಲ್ಲಿ ಶಾಂತಿಗ್ರಾಮದ ಬಳಿ ಪೊಲೀಸ್ ತರಬೇತಿ ಶಾಲೆ ಇದೆ. ಚನ್ನಪಟ್ಟಣ, ಖಾನಾಪುರಗಳಲ್ಲೂ ಇಂಥ ಶಾಲೆಗಳಿವೆ. ಪಿಎಸ್ಐಗಳು ಮತ್ತು ಅವರಿಗಿಂತ ಮೇಲಿನ ಅಧಿಕಾರಿಗಳಿಗೆ ಮೈಸೂರಿನಲ್ಲಿ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ. ಎಲ್ಲ ಕಡೆಯೂ ಪಾಠ ಎರಡು ಭಾಗ. ಒಳಾಂಗಣದಲ್ಲಿ ಕಾನೂನು, ತನಿಖೆ, ವಿಧಿವಿಜ್ಞಾನ. ಹೊರಾಂಗಣದಲ್ಲಿ ಕವಾಯತು, ದೈಹಿಕ ಶಿಕ್ಷಣ, ಲಾಠಿ, ಬಂದೂಕು. ಒಳಗಿನದನ್ನು ಕಾನೂನು ಬೋಧಕರು ಹೇಳುತ್ತಾರೆ, ಹೊರಗಿನದನ್ನು ಮೀಸಲು ಪಡೆಯ ಇನ್‌ಸ್ಪೆಕ್ಟರ್‌ಗಳು (ಆರ್‌ಪಿಐ), ಸಬ್ ಇನ್‌ಸ್ಪೆಕ್ಟರ್‌ಗಳು (ಆರ್‌ಎಸ್ಐ) ಮತ್ತು ಅವರ ಕೈಕೆಳಗಿನ ಡ್ರಿಲ್ ಇನ್‌ಸ್ಟ್ರಕ್ಟರ್‌ಗಳು ನೋಡಿಕೊಳ್ಳುತ್ತಾರೆ. ಈ ಎರಡು ಭಾಗಗಳ ನಡುವೆ ಬಿದ್ದುಹೋಗುವ ಸಂಗತಿಯೇ ಠಾಣೆಯ ಕೆಲಸದ ಜೀವಾಳ. ಲಾಠಿ ಹಿಡಿಯುವ ಬಗೆ ಮೈದಾನದಲ್ಲಿ ಸಿಗುತ್ತದೆ, ಲಾಠಿಗೆ ಸಂಬಂಧಿಸಿದ ಕಾನೂನು ತರಗತಿಯಲ್ಲಿ ಸಿಗುತ್ತದೆ. ಈ ಜನರ ಮುಂದೆ, ಈ ಗಳಿಗೆಯಲ್ಲಿ ಲಾಠಿ ಬೇಕೇ ಬೇಡವೇ ಎಂಬ ತೀರ್ಮಾನವನ್ನು ಎಲ್ಲಿ ಅಭ್ಯಾಸ ಮಾಡಿಸಬೇಕು?

ಉದಾಹರಣೆಗೆ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ದರ ಕುಸಿದ ದಿನ ಬೆಳೆಗಾರರು ಹರಾಜು ನಿಲ್ಲಿಸಿ ರಸ್ತೆಯಲ್ಲಿ ಕೂರುತ್ತಾರೆ. ಸೊಪ್ಪು ಹದ ಮಾಡುವ ಬ್ಯಾರನ್ ಕಟ್ಟಲು, ಸೌದೆಗೆ, ಗೊಬ್ಬರಕ್ಕೆ ಸಾಲ ಮಾಡಿ ಬಂದವರು ಅವರು. ಎದುರಿಗೆ ನಿಂತ ಕಾನ್‌ಸ್ಟೆಬಲ್ ಕೂಡ ಅಂಥದೇ ಮನೆಯ ಮಗನಿರಬಹುದು. ಗುಂಪನ್ನು ಚದುರಿಸುವ ಆದೇಶ ಕೊಡಬೇಕಾದವರು ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಠಾಣೆಯ ಹೊಣೆ ಹೊತ್ತ ಅಧಿಕಾರಿ, ಅವರಿಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಹೇಳುತ್ತದೆ. ಇದನ್ನು ಬಾಯಿಪಾಠ ಮಾಡಿಸಲು ಅರ್ಧ ಗಂಟೆ ಸಾಕು. ಆದರೆ ಮುಂದಿನ ಸಾಲಿನಲ್ಲಿ ಕೂಗುತ್ತಿರುವವನಿಗೂ ಹಿಂದಿನ ಸಾಲಿನಲ್ಲಿ ಕಲ್ಲು ಹುಡುಕುತ್ತಿರುವವನಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು, ಗುಂಪಿನಲ್ಲಿ ಯಾರ ಮಾತಿಗೆ ಉಳಿದವರು ಕಿವಿಗೊಡುತ್ತಾರೆ ಎಂದು ಕಂಡುಕೊಳ್ಳುವುದು, ಜನ ಹಿಂದಕ್ಕೆ ಸರಿಯಲು ದಾರಿ ಬಿಟ್ಟು ನಿಲ್ಲುವುದು, ಬೈಗುಳ ಕೇಳಿಯೂ ಸ್ವರ ಏರಿಸದಿರುವುದು ಅರ್ಧ ಗಂಟೆಯಲ್ಲಿ ಬರುವಂಥವಲ್ಲ. ಹೊಗೆಸೊಪ್ಪು ಹದ ಮಾಡುವ ರೈತ ಬ್ಯಾರನ್ನಿನ ಶಾಖವನ್ನು ಎಲೆಯ ಬಣ್ಣ ನೋಡುತ್ತ ಹಂತಹಂತವಾಗಿ ಏರಿಸುತ್ತಾನೆ. ಆತುರಪಟ್ಟರೆ ಬ್ಯಾರನ್ನಿನಲ್ಲಿರುವ ಸೊಪ್ಪೆಲ್ಲ ಒಂದೇ ರಾತ್ರಿ ಕೆಡುತ್ತದೆ. ಬಲಪ್ರಯೋಗದ ಹದವೂ ಹೀಗೆಯೇ ಕಣ್ಣಿನಿಂದ, ಕೈಯಿಂದ ಕಲಿಯಬೇಕಾದದ್ದು.

‘ವಿವೇಕವನ್ನು ಕಲಿಸಲಾಗದು, ಅದು ಹುಟ್ಟಿನಿಂದ ಬರಬೇಕು, ಇಲ್ಲವೇ ಅನುಭವದಿಂದ’ ಎಂಬ ವಾದ ಇದೆ. ಅರ್ಧ ಮಾತ್ರ ನಿಜವಾದ ವಾದ ಇದು. ಅನುಭವ ಬೇಕು ಸರಿ, ಆದರೆ ಆ ಅನುಭವವನ್ನು ನಿಜವಾದ ಜನರ ಬೆನ್ನಿನ ಮೇಲೆಯೇ ಗಳಿಸಬೇಕಾಗಿಲ್ಲ. ಬೋಧಕ ಮೈದಾನದಲ್ಲಿ ಒಂದು ರಸ್ತೆತಡೆಯನ್ನು ಹೂಡಬಹುದು. ಅರ್ಧ ತಂಡವನ್ನು ಬೆಳೆಗಾರರನ್ನಾಗಿಸಿ, ಇನ್ನರ್ಧವನ್ನು ಪೊಲೀಸರನ್ನಾಗಿಸಿ, ನಡುವೆ ನಿಲ್ಲಿಸಿ ‘ಈಗ ಏನು ಕಂಡೆ? ಯಾಕೆ ಮುಂದೆ ಹೋದೆ? ಬೇರೆ ಯಾವ ದಾರಿ ಇತ್ತು?’ ಎಂದು ಕೇಳಬಹುದು. ಮತ್ತೆ ಪಾತ್ರ ಅದಲುಬದಲು ಮಾಡಬಹುದು. ಲಾಠಿಯ ಎದುರು ಕೂತು ನೋಡಿದವನ ಕೈಯಲ್ಲಿ ಲಾಠಿ ಬೇರೆ ರೀತಿ ಆಡುತ್ತದೆ. ನಾರ್ವೆಯಲ್ಲಿ ಪೊಲೀಸ್ ಶಿಕ್ಷಣ ಮೂರು ವರ್ಷಗಳ ಪದವಿ; ಅದರ ಒಂದು ಭಾಗ ಠಾಣೆಯಲ್ಲಿಯೇ ಬೋಧಕರ ಕಣ್ಗಾವಲಿನಲ್ಲಿ ನಡೆಯುತ್ತದೆ. ನಮ್ಮ ಕಾನ್‌ಸ್ಟೆಬಲ್‌ನ ಮೂಲ ತರಬೇತಿ ಒಂದು ವರ್ಷವೂ ಅಲ್ಲ. ಕಾಲ ಕಡಿಮೆ ಇದ್ದಷ್ಟೂ ಆ ಕಾಲವನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ ಎಂಬ ಪ್ರಶ್ನೆ ಗಡುಸಾಗುತ್ತದೆ. ನಿರ್ಗಮನ ಪಥಸಂಚಲನದ ಒಂದು ಗಂಟೆಗಾಗಿ ತಿಂಗಳುಗಟ್ಟಲೆ ಕಾಲೆತ್ತಿ ಕಾಲಿಡಿಸುವ ನಾವು, ಜಗಳ ಬಿಡಿಸುವುದಕ್ಕೆ ಎಷ್ಟು ಗಂಟೆ ಕೊಡುತ್ತಿದ್ದೇವೆ?

ನನ್ನ ವಾದದ ತಿರುಳು ಇಷ್ಟು: ಪೊಲೀಸರ ಅತಿರೇಕವೆಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಕೌಶಲದ ಕೊರತೆ. ವಿಚಾರಣೆಯನ್ನು ನೋಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂಬುದು 1872ರ ಸಾಕ್ಷ್ಯ ಕಾಯ್ದೆಯಿಂದ ಬಂದ ನಿಯಮ; ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದರೂ ಹೊಡೆದು ಬಾಯಿ ಬಿಡಿಸುವ ರೂಢಿ ಹೋಗಿಲ್ಲ. ಕಾರಣ, ಹೊಡೆಯದೆ ಬಾಯಿ ಬಿಡಿಸುವುದು ಹೇಗೆಂದು ಹೇಳಿಕೊಟ್ಟವರು ವಿರಳ. ಇಂಗ್ಲೆಂಡ್ ಇದೇ ಸಂಕಟವನ್ನು ಕಂಡಿತು. ಗಿಲ್ಡ್‌ಫರ್ಡ್, ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟಗಳಿಗಾಗಿ ಜೈಲು ಸೇರಿದವರ ತಪ್ಪೊಪ್ಪಿಗೆಗಳು ನಂಬಲರ್ಹವಲ್ಲವೆಂದು ಬಯಲಾಗಿ, ಅವರೆಲ್ಲ ಹದಿನೈದು ಹದಿನಾರು ವರ್ಷ ಸೆರೆಯಲ್ಲಿದ್ದ ಮೇಲೆ ಬಿಡುಗಡೆಯಾದರು. ಬಳಿಕ ಅಲ್ಲಿ 1990ರ ದಶಕದ ಆರಂಭದಲ್ಲಿ ‘ಪೀಸ್’ ಎಂಬ ವಿಚಾರಣಾ ವಿಧಾನ ರೂಪುಗೊಂಡಿತು. ಸಿದ್ಧತೆ ಮಾಡಿಕೊಂಡು ಕೂರುವುದು, ತೆರೆದ ಪ್ರಶ್ನೆ ಕೇಳುವುದು, ಪೂರ್ತಿ ಹೇಳಲು ಬಿಡುವುದು, ಆಮೇಲೆ ಕೈಯಲ್ಲಿರುವ ಸಾಕ್ಷ್ಯದೊಂದಿಗೆ ಆರೋಪಿಯ ಮಾತನ್ನು ತಾಳೆ ನೋಡುವುದು ಅದರ ಕ್ರಮ. ಇದನ್ನು ಪೊಲೀಸರಿಗೆ ವ್ಯಾಪಕವಾಗಿ ಕಲಿಸಲಾಯಿತು. ಸುತ್ತೋಲೆಯೊಂದರಿಂದ ಆಗದ ಬದಲಾವಣೆ ಬೋಧಕರಿಂದ ಆಯಿತು.

ನಮ್ಮ ನ್ಯಾಯಾಲಯಗಳೂ ತರಬೇತಿಯ ಈ ಅಗತ್ಯವನ್ನು ಗುರುತಿಸಿವೆ. 1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಿಂದಲೇ ಬೇಡಿ ತೊಡಿಸುವುದು ಮಾಮೂಲಿ ಕ್ರಮವಾಗಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಮ್ಮ ರಾಜ್ಯದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಬೇಡಿ ತೊಡಿಸಿ ಸಾರ್ವಜನಿಕವಾಗಿ ನಡೆಸಿದ ಪ್ರಕರಣ ಹೈಕೋರ್ಟಿಗೆ ಬಂತು. 2022ರಲ್ಲಿ ಹೈಕೋರ್ಟ್ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬೇಡಿ ಹಾಕಿದರೆ ಕಾರಣ ಬರೆದಿಡಬೇಕು, ಬಂಧಿಸುವ ಅಧಿಕಾರಿಗಳಿಗೆ ಬಾಡಿ ಕ್ಯಾಮೆರಾ ಕೊಡಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು ಎಂದಿತು. ತೀರ್ಪಿಗೂ ಬೀದಿಗೂ ನಡುವೆ ನಲವತ್ತು ವರ್ಷಗಳ ಅಂತರ ಉಳಿದಿತ್ತು ಎಂದರೆ, ನಡುವೆ ನಿಂತು ದಾಟಿಸಬೇಕಾದವರು ಇರಲಿಲ್ಲ ಎಂದೇ ಅರ್ಥ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಪರಾಧ ಕಾನೂನುಗಳು ಬೋಧಕರ ಹೊರೆಯನ್ನು ಇನ್ನೂ ಹೆಚ್ಚಿಸಿವೆ. ಶೋಧ ಮತ್ತು ಜಪ್ತಿಯನ್ನು ಈಗ ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅವರು ಬರುವವರೆಗೆ ಜಾಗವನ್ನು ಕೆಡದಂತೆ ಕಾಯುವವನು ಸ್ಥಳೀಯ ಕಾನ್‌ಸ್ಟೆಬಲ್. ಮೊಬೈಲಿನಲ್ಲಿ ತೆಗೆದ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅದಕ್ಕೆ ತಕ್ಕ ಪ್ರಮಾಣಪತ್ರ ಬೇಕು. ಇದನ್ನೆಲ್ಲ ಕಲಿಯಬೇಕಾದವರಲ್ಲಿ ಇಪ್ಪತ್ತೈದು ವರ್ಷ ಸೇವೆ ಮುಗಿಸಿದ ಹೆಡ್ ಕಾನ್‌ಸ್ಟೆಬಲ್‌ಗಳೂ ಇದ್ದಾರೆ. ಅವರಿಗೆ ಹೊಸದನ್ನು ಹೇಳುವುದು ಹೊಸಬರಿಗೆ ಹೇಳುವುದಕ್ಕಿಂತ ಕಷ್ಟ. ಮಹಜರು ಬರೆಯುವುದರಲ್ಲಿ ಅವರ ಕೈ ಪಳಗಿದೆ, ಹಳ್ಳಿಯ ಹತ್ತು ಮನೆತನಗಳ ಇತಿಹಾಸ ಅವರಿಗೆ ಗೊತ್ತು. ಆ ಅನುಭವಕ್ಕೆ ಮರ್ಯಾದೆ ಕೊಟ್ಟು, ‘ನಿಮ್ಮ ಠಾಣೆಯಲ್ಲಿ ಇದನ್ನು ಹೇಗೆ ಮಾಡ್ತಿದ್ರಿ ಸಾರ್, ಹೇಳಿ’ ಎಂದು ಶುರು ಮಾಡುವ ಬೋಧಕ ಬೇಕು. ಸ್ಲೈಡ್ ಓದಿ ಹಾಜರಿ ತೆಗೆದುಕೊಳ್ಳುವವರಿಂದ ಇದು ಆಗದು.

ಇಂಥ ಬೋಧಕರನ್ನು ನಾವು ಹೇಗೆ ಪಡೆಯುತ್ತಿದ್ದೇವೆ? ತರಬೇತಿ ಶಾಲೆಗೆ ವರ್ಗವಾದರೆ ಮೂಲೆಗುಂಪು ಮಾಡಿದರು ಎಂದು ಸಹೋದ್ಯೋಗಿಗಳು ಮರುಕಪಡುವುದು ದೇಶದಾದ್ಯಂತ ಇರುವ ಮನೋಭಾವ. ಪೊಲೀಸ್ ತರಬೇತಿಯ ಬಗ್ಗೆ ಸಮಾಜವಿಜ್ಞಾನಿ ಎಂ.ಎಸ್. ಗೋರೆ ಅಧ್ಯಕ್ಷತೆಯ ಸಮಿತಿ 1970ರ ದಶಕದ ಆರಂಭದಲ್ಲೇ ವಿವರವಾದ ವರದಿ ಕೊಟ್ಟಿತ್ತು. ಪೊಲೀಸ್ ತರಬೇತಿಯನ್ನು ಪರಿಶೀಲಿಸಲು ಒಬ್ಬ ಸಮಾಜವಿಜ್ಞಾನಿಯನ್ನು ಕೂರಿಸಿದ್ದರಲ್ಲೇ ಒಂದು ದೂರದೃಷ್ಟಿ ಇತ್ತು: ಪೊಲೀಸ್ ಕೆಲಸದ ನೆಲೆ ಸಮಾಜ, ಕವಾಯತು ಮೈದಾನವಲ್ಲ ಎಂಬ ತಿಳಿವಳಿಕೆ. ಅರ್ಧ ಶತಮಾನ ಕಳೆದರೂ ಮೂಲೆಗುಂಪಿನ ಮಾತು ಉಳಿದಿದೆ. ತನ್ನ ಹುದ್ದೆಯನ್ನೇ ಶಿಕ್ಷೆ ಎಂದು ತಿಳಿದವನು ಮುಂದೆ ನಿಂತ ಹುಡುಗರಿಗೆ ಮೊದಲು ಕಲಿಸುವುದು ಕಹಿಯನ್ನು. ಅವಮಾನ ಮಾಡಿ ಶಿಸ್ತು ತರುವ ಬೋಧಕನಿಂದ ಪ್ರಶಿಕ್ಷಣಾರ್ಥಿ ಕಲಿಯುವ ಪಾಠವೂ ಸ್ಪಷ್ಟ: ಕೆಳಗಿನವನನ್ನು ಹೀಗೆಯೇ ನಡೆಸಿಕೊಳ್ಳಬೇಕು. ನಾಳೆ ಠಾಣೆಯಲ್ಲಿ ಅವನಿಗಿಂತ ಕೆಳಗೆ ನಿಲ್ಲುವವರು ದೂರು ಹೊತ್ತು ಬಂದ ನಾವೇ.

‘ಪೊಲೀಸರಿಗೆ ಗಟ್ಟಿತನ ಬೇಕು, ಮೆತ್ತಗೆ ಬೆಳೆಸಿದರೆ ಗಲಭೆಯ ಮುಂದೆ ನಿಲ್ಲಲಾರರು’ ಎನ್ನುವವರಿದ್ದಾರೆ. ಗಟ್ಟಿತನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಳಗಿನ ಜಾವದ ಓಟ, ಬಂದೂಕಿನ ಕಟ್ಟುನಿಟ್ಟು, ಆದೇಶಕ್ಕೆ ತಕ್ಷಣದ ಸ್ಪಂದನೆ ಯಾವುದೂ ಬಿಡುವಂಥದಲ್ಲ. ಆದರೆ ದಣಿಸುವುದು ಬೇರೆ, ಹೀನಾಯ ಮಾಡುವುದು ಬೇರೆ. ದಣಿದ ದೇಹ ಬಲವಾಗುತ್ತದೆ, ಹೀನಾಯಗೊಂಡ ಮನಸ್ಸು ಸೇಡಿಗೆ ಜಾಗ ಹುಡುಕುತ್ತದೆ. ನಮ್ಮ ಜಿಲ್ಲೆ ಪೊಲೀಸರಿಂದ ಕೇಳುವ ಗಟ್ಟಿತನವೂ ಬೇರೆಯದೇ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಲಕ್ಷಾಂತರ ಜನ ಸಾಲುಗಟ್ಟುತ್ತಾರೆ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ ಜನಸಾಗರ ಹರಿದಿತ್ತು. ರಾಮನಾಥಪುರದ ತೇರಿನ ದಿನ ಕಾವೇರಿ ತೀರದ ಆ ಪುಟ್ಟ ಊರು ತುಂಬಿ ತುಳುಕುತ್ತದೆ. ಕಾಡಾನೆ ಬಂದ ಊರಿನಲ್ಲಿ ಮೊಬೈಲ್ ಹಿಡಿದು ಹಿಂದೆ ಓಡುವ ಜನರನ್ನು ತಡೆಯಬೇಕು. 2025ರ ಸೆಪ್ಟೆಂಬರಿನಲ್ಲಿ ಮೊಸಳೆಹೊಸಹಳ್ಳಿಯ ಗಣೇಶ ಮೆರವಣಿಗೆಗೆ ಲಾರಿ ನುಗ್ಗಿದ ದುರಂತ, ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತದ್ದು ನಮಗೆಲ್ಲ ನೆನಪಿದೆ. ಇಂಥ ಕಡೆ ಜೀವ ಉಳಿಸುವುದು ಮುಂಚಿತವಾಗಿ ದಾರಿ ಅಳೆಯುವ, ವಾಹನ ತಿರುಗಿಸುವ, ಜನದಟ್ಟಣೆ ಅಪಾಯದ ಮಟ್ಟ ಮುಟ್ಟುವ ಮೊದಲೇ ಗುರುತಿಸುವ, ಉಸಿರು ನಿಂತವನ ಎದೆ ಒತ್ತುವ ಕೌಶಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಶಾಲೆಯಲ್ಲಿ ಏನೇ ಕಲಿಸಿದರೂ ಠಾಣೆಗೆ ಬಂದ ಮೊದಲ ವಾರ ಹಿರಿಯರು ‘ಅಲ್ಲಿ ಕಲಿತದ್ದನ್ನು ಅಲ್ಲೇ ಬಿಡು’ ಎನ್ನುತ್ತಾರೆ. ಸಿಬ್ಬಂದಿ ಕೊರತೆ, ರಾತ್ರಿ ಹಗಲೆನ್ನದ ಬಂದೋಬಸ್ತು, ಮೇಲಿನ ಒತ್ತಡ, ತಪ್ಪು ಮಾಡಿದವನನ್ನು ರಕ್ಷಿಸುವ ಅಭ್ಯಾಸಗಳ ಮುಂದೆ ಪಾಠ ಸೋಲುತ್ತದೆ. ಇದು ನಿಜ. ಉದ್ದೇಶಪೂರ್ವಕ ಕ್ರೌರ್ಯಕ್ಕೆ ಬೋಧಕನ ಬಳಿ ಮದ್ದಿಲ್ಲ. ಅದಕ್ಕೆ ಶಿಕ್ಷೆಯೇ ಮದ್ದು. ಆದರೆ ಈ ಆಕ್ಷೇಪ ತರಬೇತಿ ವ್ಯರ್ಥವೆಂದು ಸಾಧಿಸುವುದಿಲ್ಲ, ತರಬೇತಿ ಶಾಲೆಯ ಗೇಟಿನಲ್ಲಿ ಮುಗಿಯಬಾರದೆಂದು ಹೇಳುತ್ತದೆ. ಹೊಸಬರನ್ನು ಮೊದಲ ವರ್ಷ ಕೈಹಿಡಿದು ನಡೆಸಲು ಪ್ರತಿ ಠಾಣೆಯಲ್ಲೂ ಒಬ್ಬ ಆಯ್ದ, ಬೋಧನೆಯ ತರಬೇತಿ ಪಡೆದ ಹಿರಿಯ ಸಿಬ್ಬಂದಿ ಇರಬೇಕು. ಅವರೂ ಬೋಧಕರೇ, ಅವರಿಗೂ ಬೋಧಕರೆಂಬ ಹೆಸರು, ಬೋಧನೆಯ ಭತ್ಯೆ ಸಿಗಬೇಕು.

ಉಳಿದ ಬೇಡಿಕೆಗಳೂ ಅಸಾಧ್ಯವಾದವಲ್ಲ. ಬೋಧಕನ ಹುದ್ದೆ ಅರ್ಜಿ ಹಾಕಿ, ಪಾಠ ಮಾಡಿ ತೋರಿಸಿ ಗೆಲ್ಲಬೇಕಾದ ಹುದ್ದೆಯಾಗಲಿ. ಠಾಣೆಯಲ್ಲಿ ಒಳ್ಳೆಯ ಹೆಸರಿದ್ದವರಿಗೆ ಮಾತ್ರ ಅದು ಸಿಗಲಿ. ಮೂರು ನಾಲ್ಕು ವರ್ಷ ಕಲಿಸಿದ ಮೇಲೆ ಅವರು ಠಾಣೆಗೆ ಮರಳಲಿ, ಆ ಸೇವೆ ಬಡ್ತಿಯಲ್ಲಿ ಲೆಕ್ಕಕ್ಕೆ ಬರಲಿ. ಒಳಾಂಗಣ, ಹೊರಾಂಗಣ ಬೋಧಕರು ಒಂದೇ ಸನ್ನಿವೇಶವನ್ನು ಒಟ್ಟಿಗೆ ನಿಂತು ಕಲಿಸಲಿ. ವಕೀಲರು, ವೈದ್ಯರು, ರೈತ ಸಂಘದವರು, ಹೆಣ್ಣುಮಕ್ಕಳ ಪರ ಕೆಲಸ ಮಾಡುವವರು ಆ ಮೈದಾನಕ್ಕೆ ಬರಲಿ. ಶಾಲೆಯ ಯಶಸ್ಸನ್ನು ಪಥಸಂಚಲನದ ಚೆಂದದಿಂದ ಅಳೆಯದೆ, ಅಲ್ಲಿಂದ ಹೋದವರ ಮೇಲೆ ಬಂದ ದೂರುಗಳಿಂದ, ಅವರು ಬರೆದ ಮಹಜರುಗಳು ನ್ಯಾಯಾಲಯದಲ್ಲಿ ನಿಂತವೇ ಎಂಬುದರಿಂದ ಅಳೆಯಲಿ.

ಪೊಲೀಸ್ ರಾಜ್ಯಪಟ್ಟಿಯ ವಿಷಯ. ಇದನ್ನು ಮಾಡಲು ದೆಹಲಿಯನ್ನು ಕಾಯಬೇಕಾಗಿಲ್ಲ, ಸಂವಿಧಾನ ತಿದ್ದಬೇಕಾಗಿಲ್ಲ. ಹೊಸ ಠಾಣೆ, ಹೊಸ ಜೀಪು ಬೇಕೆಂದು ಶಾಸಕರನ್ನು ಕೇಳುವ ನಾವು, ನಮ್ಮ ಠಾಣೆಗೆ ಬರುವ ಹುಡುಗ ಹುಡುಗಿಯರಿಗೆ ಯಾರು, ಏನು, ಹೇಗೆ ಕಲಿಸುತ್ತಿದ್ದಾರೆ ಎಂದೂ ಕೇಳಬೇಕು. ಈ ಪ್ರಶ್ನೆಗೆ ಸದನದಲ್ಲಿ ಉತ್ತರ ಹೇಳಬೇಕಾದ ದಿನ ಬಂದರೆ, ಶಾಂತಿಗ್ರಾಮದ ಹುದ್ದೆಯನ್ನು ಯಾರೂ ಶಿಕ್ಷೆ ಎನ್ನಲಾರರು.