ಮೇಷ್ಟ್ರ ಕಾಗುಣಿತ ತಿದ್ದುವವರು ಯಾರು?

"ವಿಧ್ಯಾರ್ಥಿಯು ಕಾಗುಣಿತದ ಕಡೆ ಹೆಚ್ಚು ಗಮನ ಕೊಡತಕ್ಕದ್ದು."

ಮಗನ ಪ್ರಗತಿ ಪತ್ರದ ಷರಾ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ಇಂಥದೊಂದು ಸಾಲು ಬರೆದು ಬಂದರೆ ಅಪ್ಪನಾದವನು ಏನು ಮಾಡಬೇಕು? ಕಾಗುಣಿತ ಕಲಿ ಎಂದು ಬುದ್ಧಿ ಹೇಳುವ ಸಾಲಿನ ಮೊದಲನೇ ಪದದಲ್ಲೇ ತಪ್ಪು. 'ವಿದ್ಯಾರ್ಥಿ'ಯ ದಕಾರಕ್ಕೆ ಸುಮ್ಮಸುಮ್ಮನೆ ಹೊಟ್ಟೆ ಸೀಳಲಾಗಿದೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಾನಿಗೆ ಬಿದ್ದ ಕಥೆ ಇದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕರ ಯಾವ ಬಸ್ ಸ್ಟಾಂಡಿನಲ್ಲಿ ಈ ಪ್ರಶ್ನೆ ಎತ್ತಿದರೂ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. "ಬುಡಿ ಅತ್ಲಾಗೆ, ಮೇಷ್ಟ್ರಿಗೇ ನಾವು ಪಾಠ ಹೇಳೋಕಾಯ್ತದಾ?" ಹಾಗೆಂದು ರುಜು ಹಾಕಿ ಕಳಿಸಿಬಿಡುತ್ತಾರೆ. ಓದಿ ರುಜು ಹಾಕುವವರು ಕೆಲವರು, ಓದದೆ ಹಾಕುವವರು ಹಲವರು.

ಇದೇ ಅಪ್ಪಂದಿರು ಬೇರೆ ಕಡೆ ಹೀಗಿರುತ್ತಾರೆಯೇ? ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹೊಗೆಸೊಪ್ಪಿನ ಹರಾಜಿಗೆ ಹೋದ ಬೆಳೆಗಾರ ತನ್ನ ಬೇಲಿಗೆ ಕಟ್ಟಿದ ಚೀಟಿಯನ್ನು ಎಷ್ಟು ಸಲ ನೋಡುತ್ತಾನೆ! ಗ್ರೇಡು ಸರಿಯಿದೆಯಾ, ತೂಕ ಸರಿಯಿದೆಯಾ, ತನ್ನ ಲೈಸೆನ್ಸ್ ನಂಬರೇ ಬಿದ್ದಿದೆಯಾ ಅಂತ ಒಂದಕ್ಕೆ ಎರಡು ಸಲ ಕೇಳುತ್ತಾನೆ. ಒಂದು ಕೆ.ಜಿ. ಆಚೀಚೆ ಆದರೂ ಅಧಿಕಾರಿಯ ಮುಖ ನೋಡದೆ ಜಗಳಕ್ಕೆ ನಿಲ್ಲುತ್ತಾನೆ. ಅಂಗಡಿ ಬೀದಿಯ ಸಾಹುಕಾರರೂ ಅಷ್ಟೆ. ಹೋಲ್‌ಸೇಲಿನವನ ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚಿದ್ದರೆ ಆ ಲಾರಿಯನ್ನು ಕದಲಲು ಬಿಡುವುದಿಲ್ಲ. ಕಂಡಕ್ಟರ್ ಚಿಲ್ಲರೆ ಕಮ್ಮಿ ಕೊಟ್ಟರೆ ಹುಣಸೂರಿನಿಂದ ಮೈಸೂರಿನವರೆಗೂ ಅದೇ ಮಾತು.

ಇಷ್ಟೆಲ್ಲ ಹುಷಾರಿರುವವರು ಮಗುವಿನ ಪ್ರಗತಿ ಪತ್ರ ಕೈಗೆ ಬಂದಾಗ ಮಾತ್ರ ಯಾಕೆ ಬಾಯಿ ಕಟ್ಟಿಕೊಳ್ಳುತ್ತಾರೆ?

ಎರಡು ಥರದ ತಪ್ಪು

ತಪ್ಪಿನಲ್ಲಿ ಎರಡು ಥರ ಉಂಟು. ಷರಾದಲ್ಲಿ 'ಅಭ್ಯಾಸ'ಕ್ಕೆ ಬದಲು 'ಅಬ್ಯಾಸ' ಅಂತ ಬಿದ್ದರೆ ಅದು ಭಾಷೆಯ ತಪ್ಪು. ಮಗುವಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ತಪ್ಪಿದರೆ ಅದು ಬದುಕಿನ ತಪ್ಪು. ಮೊದಲನೆಯದಕ್ಕೆ ಮರ್ಯಾದೆ ಹೋಗುತ್ತದೆ, ಎರಡನೆಯದಕ್ಕೆ ಮಗುವಿನ ದಾರಿಯೇ ಮುಚ್ಚಿಹೋಗುತ್ತದೆ.

ನಮ್ಮ ಕಡೆ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹುಣಸೂರು ಬಾಯಲ್ಲಿ ಉಣ್ಸೂರು, ಹೆಗ್ಗಡದೇವನಕೋಟೆ ಎಗ್ಗಡದೇವನ್‌ಕೋಟೆ. ಪಿರಿಯಾಪಟ್ಟಣವನ್ನು ಇಂಗ್ಲಿಷಿನಲ್ಲಿ ಒಬ್ಬರು ಪಿ ಐ ಹಾಕಿ ಬರೆದರೆ ಇನ್ನೊಬ್ಬರು ಪಿ ಇ ಹಾಕುತ್ತಾರೆ. ಊರಿನ ಹೆಸರು ಇದನ್ನೆಲ್ಲ ತಡೆದುಕೊಳ್ಳುತ್ತೆ. ಹುಡುಗಿಯ ಹೆಸರು ತಡೆದುಕೊಳ್ಳುವುದಿಲ್ಲ. ಸೇರಿಸುವ ದಿನ ಅವ್ವ ಬಾಯಲ್ಲಿ ಹೇಳಿದ್ದು ಒಂದು, ಮೇಷ್ಟ್ರ ಕಿವಿಗೆ ಬಿದ್ದದ್ದು ಇನ್ನೊಂದು, ರಿಜಿಸ್ಟರಿನಲ್ಲಿ ಬರೆದದ್ದು ಮತ್ತೊಂದು. ಅದೇ ಕಂಪ್ಯೂಟರಿಗೆ ಹತ್ತುತ್ತದೆ, ಅದೇ ಟಿ.ಸಿ.ಗೆ ಬರುತ್ತದೆ, ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ. ಆಮೇಲೆ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಸ್ಕಾಲರ್‌ಶಿಪ್ ಅರ್ಜಿ ನಿಂತುಹೋಗುತ್ತದೆ. ಕೆಲಸಕ್ಕೆ ಹೋದರೆ "ಇವಳು ನೀನೇ ಅಂತ ಏನಮ್ಮ ಗ್ಯಾರಂಟಿ?" ಅಂತ ಗುಮಾಸ್ತ ಕೇಳುತ್ತಾನೆ.

ಅಂಕಪಟ್ಟಿ ಅಚ್ಚಾದ ಮೇಲೆ ಒಂದಕ್ಷರ ತಿದ್ದಿಸಬೇಕೆಂದರೆ ಹೆಡ್ ಮೇಷ್ಟ್ರ ಪತ್ರ, ದಾಖಲಾತಿ ರಿಜಿಸ್ಟರಿನ ನಕಲು, ನೋಟರಿ, ಅಫಿಡವಿಟ್ಟು ಅಂತ ತಿರುಗಾಟ. ಮಂಡಳಿಯ ಆಫೀಸು ಇರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ಕೋಟೆ ತಾಲ್ಲೂಕಿನ ಕಾಡಂಚಿನ ಕೂಲಿಯವನಿಗೆ ಮೈಸೂರೇ ದೂರ. ಎರಡು ದಿನದ ಕೂಲಿ, ಬಸ್ ಚಾರ್ಜು, ಅರ್ಜಿ ಬರೆದುಕೊಡುವವನ ಕಾಸು, ಎಲ್ಲವೂ ಒಂದು ಒತ್ತಕ್ಷರಕ್ಕೆ. ಐದನೇ ಕ್ಲಾಸಿನ ಪ್ರಗತಿ ಪತ್ರದಲ್ಲೇ ನೋಡಿ ಹೇಳಿದ್ದರೆ ಒಂದು ಗೆರೆ ಎಳೆದು ಮುಗಿಯುತ್ತಿದ್ದ ಕೆಲಸ. ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ ಒಳಗಿನ ರಿಜಿಸ್ಟರೂ ತಪ್ಪಿರಬಹುದು ಅನ್ನುವುದಕ್ಕೆ ಅದೇ ಮೊದಲ ಎಚ್ಚರಿಕೆ.

ಸಣ್ಣ ವಿಷಯವೇ?

"ಒಂದು ಮಹಾಪ್ರಾಣಕ್ಕೆ ಇಷ್ಟು ರಾದ್ಧಾಂತವೇ?" ಅನ್ನುವವರೂ ಇದ್ದಾರೆ. ಮಾತಿನಲ್ಲಿ ಇಲ್ಲದ ಮಹಾಪ್ರಾಣ ಕನ್ನಡ ಬರಹಕ್ಕೂ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರೇ ವಾದಿಸಿದ್ದುಂಟು. ಒಪ್ಪುವ ಮಾತೋ ಬಿಡುವ ಮಾತೋ, ಪಂಡಿತರು ಇತ್ಯರ್ಥ ಮಾಡಿಕೊಳ್ಳಲಿ. ಆದರೆ ಪರೀಕ್ಷೆಯಲ್ಲಿ ಮಗುವಿನ ಅಂಕ ಕಳೆಯುವವರು ಭಟ್ಟರ ಪುಸ್ತಕ ನೋಡಿ ಕಳೆಯುವುದಿಲ್ಲ. ಮಗುವಿಗೆ ಒಂದು ನ್ಯಾಯ, ಮೇಷ್ಟ್ರಿಗೆ ಒಂದು ನ್ಯಾಯ ಆಗಬಾರದು.

ಸಣ್ಣದು ಎಂದು ಬಿಟ್ಟದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ರಾಜ್ಯವೇ ಕಂಡಿದೆ. 2024ರ ಆಗಸ್ಟ್ 27ರಂದು ಕೆ.ಪಿ.ಎಸ್.ಸಿ.ಯವರು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿದರು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ನೋಡಿ ಅಭ್ಯರ್ಥಿಗಳು ತಲೆ ಚಚ್ಚಿಕೊಂಡರು. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿ ಮಕ್ಕಳಿಗೇ ಪೆಟ್ಟು. ಅವರು ಸುಮ್ಮನಿರಲಿಲ್ಲ, ಬೀದಿಗಿಳಿದರು. ನಮ್ಮ ಜಿಲ್ಲೆಯವರೇ ಆದ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಮರುಪರೀಕ್ಷೆಗೆ ಆದೇಶ ಮಾಡಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಆಯಿತು, ಮತ್ತೆ ತಪ್ಪುಗಳು ಬಂದವು ಅನ್ನುವುದು ಬೇರೆ ಮಾತು. ಆದರೆ ಯಾರೂ ಬಾಯಿ ಬಿಡದಿದ್ದರೆ ಮೊದಲನೆಯದೇ ಸರಿ ಎಂದು ದಾಖಲಾಗಿಬಿಡುತ್ತಿತ್ತು.

ಮೇಷ್ಟ್ರ ಕಷ್ಟ

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಪಾಠವೊಂದೇ ಕೆಲಸವಲ್ಲ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೂ ಮನೆಮನೆ ತಿರುಗಿದವರು ಮೇಷ್ಟ್ರುಗಳೇ. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ಅದಕ್ಕಾಗಿಯೇ. ಹಾಗೆ ತಿರುಗಿ ಬಂದವರು ರಾತ್ರಿ ಕೂತು ಕಾರ್ಡುಗಳ ರಾಶಿಗೆ ಷರಾ ಬರೆದರೆ ಕೈ ತಪ್ಪುವುದು ಸಹಜ. ಖಾಸಗಿ ಕಾನ್ವೆಂಟುಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಮಿಸ್ಸುಗಳ ಪಾಡೂ ಸುಖದ್ದಲ್ಲ. ಅಲ್ಲಿ ಇಂಗ್ಲಿಷ್ ಷರಾದಲ್ಲಿ ಒಂದು ಎಲ್ ಹೆಚ್ಚೋ ಒಂದು ಎಸ್ ಕಮ್ಮಿಯೋ ಇದ್ದರೆ ಫೀಜು ಕಟ್ಟಿದ ಅಪ್ಪನಿಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ತಪ್ಪು ಹೇಳುವುದಕ್ಕೂ ಒಂದು ರೀತಿ ಇದೆ. ಈಚೆಗೆ ಕೆಲವರಿಗೆ ಇನ್ನೊಂದು ಚಟ ಹತ್ತಿದೆ. ಕಾರ್ಡಿನ ಫೋಟೋ ತೆಗೆದು, ತಪ್ಪಿಗೆ ಕೆಂಪು ಸುತ್ತು ಹಾಕಿ, ವಾಟ್ಸಾಪ್ ಗುಂಪಿಗೆ ಬಿಟ್ಟು "ಇಂಥವರು ನಮ್ಮ ಮಕ್ಕಳಿಗೆ ಕಲಿಸ್ತಾರೆ ನೋಡ್ರಪ್ಪ" ಅನ್ನುವುದು. ಇದು ತಿದ್ದುವುದಲ್ಲ, ಮಾನ ಕಳೆಯುವುದು. ಹಾಗೆ ಮಾನ ಹೋದ ಮೇಷ್ಟ್ರು ಮುಂದಿನ ಸಲ ಕಾಗುಣಿತ ಕಲಿಯುವುದಿಲ್ಲ, ಷರಾ ಬರೆಯುವುದನ್ನೇ ಬಿಟ್ಟು 'ಉತ್ತಮ' ಅಂತ ಸೀಲು ಹೊಡೆಯುತ್ತಾರೆ. ನಷ್ಟ ಯಾರಿಗೆ?

ಮಗುವಿನ ಮುಂದೆ ಮೇಷ್ಟ್ರನ್ನು ಹಂಗಿಸುವುದೂ ಸಲ್ಲ. ಆದರೆ ಮಗು ತಾನಾಗಿ "ಅಪ್ಪ, ಇದು ತಪ್ಪಲ್ವಾ?" ಎಂದು ಕೇಳಿದರೆ "ಸುಮ್ನಿರೋ, ಮೇಷ್ಟ್ರು ಬರೆದದ್ದೇ ಸರಿ" ಎನ್ನಬಾರದು. ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಚಿಕೊಳ್ಳೋಕಾಗುತ್ತದೆಯೇ? "ಹೌದು ಕಣಪ್ಪ, ಅವಸರದಲ್ಲಿ ತಪ್ಪಿದೆ, ಹೇಳಿದರೆ ತಿದ್ತಾರೆ" ಎಂದರೆ ಮುಗಿಯಿತು. ತಪ್ಪಾಗುವುದು ಅವಮಾನವಲ್ಲ, ತಿದ್ದದೆ ಬಿಡುವುದು ಅವಮಾನ ಅನ್ನುವ ಪಾಠ ಮಗುವಿಗೆ ಅಲ್ಲೇ ಆಗುತ್ತದೆ.

"ಹೇಳಿದರೆ ನಮ್ಮ ಹುಡುಗನ ಮೇಲೆ ಹಗೆ ಸಾಧಿಸ್ತಾರೆ" ಅನ್ನುವ ಭಯ ಸುಳ್ಳಲ್ಲ. ಹಾಗೆ ಮಾಡುವವರು ಎಲ್ಲೋ ಒಬ್ಬರಿರಬಹುದು. ಅದಕ್ಕೇ ಒಬ್ಬಂಟಿಯಾಗಿ ಹೇಳುವ ಬದಲು ಶಾಲಾಭಿವೃದ್ಧಿ ಸಮಿತಿಯ ಮೂಲಕ ಹೇಳಬಹುದು. 2001ರಿಂದ ಈ ಸಮಿತಿಗಳಿವೆ. ಬಣ್ಣ ಬಳಿಸುವುದಕ್ಕೆ, ಬಾವುಟ ಹಾರಿಸುವುದಕ್ಕೆ ಮಾತ್ರ ಅವು ಹುಟ್ಟಿದ್ದಲ್ಲ.

ಓದಲು ಬಾರದವರ ಪರವಾಗಿ

ನಿಜವಾದ ಪ್ರಶ್ನೆ ಇರುವುದು ಇಲ್ಲಿ. ತಪ್ಪು ಕಾಣಬೇಕಾದರೆ ಮೊದಲು ಓದಲು ಬರಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾಗಿ, ಹಿಂದುಳಿದವರ ಮಕ್ಕಳಿಗೆ ಓದಿನ ದಾರಿ ಮಾಡಿಕೊಟ್ಟರು. ಎಷ್ಟೋ ಮನೆಗಳಲ್ಲಿ ಅಕ್ಷರ ಕಂಡ ಮೊದಲನೇ ತಲೆಮಾರು ಅದು. ಇವತ್ತಿಗೂ ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅವ್ವಂದಿರು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಮಗಳ ಹೆಸರು ಸರಿಯಾಗಿದೆಯೇ ಎಂದು ಅವರು ನೋಡುವುದು ಹೇಗೆ? ಅವರ ಬದಲು ನೋಡಬೇಕಾದವರು ಓದಬಲ್ಲ ಅಪ್ಪಂದಿರು, ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತವರು. ಓದಬಲ್ಲವನೇ "ನನಗ್ಯಾಕೆ ಬುಡಿ" ಅಂದರೆ ಓದಲಾರದವಳಿಗೆ ದಿಕ್ಕು ಯಾರು?

ಶಾಲೆಗಳೂ ಒಂದು ಕೆಲಸ ಮಾಡಬಹುದು. ಪ್ರಗತಿ ಪತ್ರ ಮನೆಗೆ ಹೋಗುವ ಮುಂಚೆ ಹೆಡ್ ಮೇಷ್ಟ್ರು ಒಂದು ಸಲ ಓದಿ ರುಜು ಹಾಕಲಿ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಪೋಷಕರು ಬಂದ ದಿನ ಪ್ರತಿ ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖನ್ನು ಗಟ್ಟಿಯಾಗಿ ಓದಿ "ಸರಿಯಾ ತಾಯಿ?" ಅಂತ ಕೇಳಲಿ. ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್ ಕಳಿಸುವ ಮುಂಚೆ ಇದು ಕಡ್ಡಾಯವಾಗಲಿ. ಖರ್ಚು ಒಂದು ಕಾಸೂ ಇಲ್ಲ, ಒಂದು ಮಧ್ಯಾಹ್ನ ಸಾಕು.

ಪೋಷಕರು ಮಾಡಬೇಕಾದ್ದು ಅದಕ್ಕಿಂತ ಸುಲಭ. ಹೆಸರು, ತಾರೀಖು ತಪ್ಪಿದ್ದರೆ ಅವತ್ತೇ ಶಾಲೆಗೆ ಹೋಗಿ ಲಿಖಿತವಾಗಿ ಕೊಡಿ, ತಿದ್ದಿದ್ದನ್ನು ಕಣ್ಣಾರೆ ನೋಡಿ ಬನ್ನಿ. ಷರಾದಲ್ಲಿ ತಪ್ಪಿದ್ದರೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ, ಮೇಷ್ಟ್ರು ಒಬ್ಬರೇ ಇದ್ದಾಗ "ಇದೊಂದ್ಸಲ ನೋಡಿ ಸಾರ್" ಅನ್ನಿ. ಒಳ್ಳೆಯ ಮೇಷ್ಟ್ರು ನಕ್ಕು ತಿದ್ದುತ್ತಾರೆ.

ರುಜು ಅಂದರೆ ಓದಿದ್ದೇನೆ ಎಂಬುದಕ್ಕೆ ಸಾಕ್ಷಿ. ಹೊಗೆಸೊಪ್ಪಿನ ಚೀಟಿಯನ್ನು ಎರಡು ಸಲ ಓದುವವರು ಮಗುವಿನ ಚೀಟಿಯನ್ನು ಒಂದು ಸಲವಾದರೂ ಓದಬೇಡವೇ?