ಅಪ್ಪನ ಕೈಗೆ ವಾಚು ಕಟ್ಟೋ ಮೊದಲು ಕಾಲು ನೋಡಿ

ಮಳೆಗಾಲಕ್ಕೆ ಮುಂಚೆ ಮಾಡೋ ಕೆಲಸದ ಪಟ್ಟಿ ನಮಗೆಲ್ಲ ಬಾಯಿಪಾಠ. ಕಟ್ಟಿಗೆ ಒಳಗೆ ಹಾಕೋದು, ಬಸಿಗಾಲುವೆ ಬಿಡಿಸೋದು, ಮೈಲುತುತ್ತ ಸುಣ್ಣ ತಂದಿಡೋದು. ಈ ಪಟ್ಟಿಗೆ ಇನ್ನೊಂದು ಸೇರಬೇಕು ಅನ್ನೋದು ನನ್ನ ವಾದ. ಮನೆಯಲ್ಲಿರೋ ಹಿರಿಯರ ನಡಿಗೆ ಹೇಗಿದೆ ಅಂತ ಒಮ್ಮೆ ನೋಡೋದು.

ಯಾಕೆ ಅಂದ್ರೆ ನಮ್ಮ ಸುತ್ತಮುತ್ತ ತೋಟ ನಡೀತಿರೋದೇ 60 ದಾಟಿದವರ ಕಾಲ ಮೇಲೆ. ಮಕ್ಕಳು ಬೆಂಗಳೂರಲ್ಲಿ. ತೋಟಕ್ಕೆ ಇಳಿಯೋದು, ಸಂಕ ದಾಟೋದು, ಕೊಟ್ಟಿಗೆ ಕೆಲಸ, ಎಲ್ಲ ಅಪ್ಪ ಅಮ್ಮನದ್ದೇ. ಅವರಲ್ಲಿ ಒಬ್ಬರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರೆ ಆ ವರ್ಷದ ಔಷಧಿ ಹೊಡೆಯೋದೂ ಇಲ್ಲ, ಕೊಯ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನದ್ದು ಇದೇ. ಅದರಲ್ಲಿ ಹೆಚ್ಚಿನವರು 60 ದಾಟಿದವರು.

ಈಗೀಗ ಪೇಟೆಯಲ್ಲಿರೋ ಮಕ್ಕಳು ಊರಿಗೆ ಬರುವಾಗ ವಾಚು, ಮೊಣಕಾಲಿನ ಪಟ್ಟಿ, ಸೊಂಟದ ಬೆಲ್ಟು ಅಂತ ತರ್ತಾರೆ. ತಪ್ಪೇನಿಲ್ಲ, ಪ್ರೀತಿಯಿಂದಲೇ ತರ್ತಾರೆ. ಆದ್ರೆ ತಗೊಳ್ಳೋಕೆ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ಹಾಕಿದ್ಮೇಲೆ ಅವರು ಜಾಸ್ತಿ ನಡೀತಾರಾ, ಕಮ್ಮಿ ನಡೀತಾರಾ? ಜಾಸ್ತಿ ನಡೆಯೋ ಹಾಗೆ ಮಾಡೋ ವಸ್ತು ಒಳ್ಳೇದು. "ಇನ್ನು ಇಲ್ಲೇ ಕೂತಿರು, ಎಲ್ಲಿಗೂ ಹೋಗ್ಬೇಡ" ಅನ್ನೋಕೆ ನೆಪ ಆಗೋ ವಸ್ತು ಎಷ್ಟು ದುಬಾರಿಯಾದ್ರೂ ಬೇಡ. ಕೂತ ಕಾಲು ಸೋಲುತ್ತೆ, ಸೋತ ಕಾಲು ಬೀಳಿಸುತ್ತೆ.

ಒಂದೊಂದಾಗಿ ನೋಡೋಣ.

ಮೊದಲು ವಾಚು. ಆಪಲ್ ಕಂಪನಿ 2018ರಲ್ಲಿ ತಂದ ವಾಚಿನಿಂದ ಬಿದ್ದಿದ್ದನ್ನ ಗುರುತಿಸೋ ವ್ಯವಸ್ಥೆ ಬಂತು. ಕೈಯ ಚಲನೆ ಅಳೆಯೋ ಸೆನ್ಸರ್ ಅದರೊಳಗಿದೆ. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ರೆ ತಾನೇ ತುರ್ತು ಕರೆ ಮಾಡುತ್ತೆ. ಒಬ್ಬರೇ ಇರೋ ಮನೆಗೆ ಇದು ಸಣ್ಣ ವಿಷಯ ಅಲ್ಲ. ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೇ ಉಳಿಯೋದು ಮೂಳೆ ಮುರಿದಷ್ಟೇ ಅಪಾಯ. ಆದ್ರೆ ಎರಡು ಮಾತು ನೆನಪಿರಲಿ. ಒಂದು, ಅದು ಬಿದ್ದ ಮೇಲೆ ಕೂಗೋ ವಸ್ತು, ಬೀಳದ ಹಾಗೆ ಹಿಡಿಯೋದಲ್ಲ. ಎರಡು, ಕರೆ ಹೋಗೋಕೆ ಸಿಗ್ನಲ್ ಬೇಕು. ಅಂಗಳದ ಮೂಲೆಯಲ್ಲಿ ನಿಂತು ಫೋನ್ ಎತ್ತಿ ಹಿಡಿಯೋ ನಮ್ಮೂರಲ್ಲಿ, ತೋಟದ ತಗ್ಗಲ್ಲಿ ಬಿದ್ದವರ ಕರೆ ಎಲ್ಲಿಗೆ ಹೋಗುತ್ತೆ? ಅದಕ್ಕೇ ನಾನು ಹೇಳೋದು, ವಾಚು ಇರಲಿ, ಜೊತೆಗೆ ಕುತ್ತಿಗೆಗೆ ಒಂದು ಸೀಟಿ ಇರಲಿ. ಕೂ ಹಾಕೋಕೆ ಉಸಿರು ಸಾಲದವರಿಗೂ ಸೀಟಿ ಊದೋಕೆ ಆಗುತ್ತೆ, ಪಕ್ಕದ ತೋಟದವರಿಗೆ ಕೇಳುತ್ತೆ.

ಎರಡನೇದು ಕಾಲಡಿಯ ವಿಷಯ, ನನಗೆ ತುಂಬಾ ಕುತೂಹಲ ಅನ್ನಿಸಿದ್ದು ಇದೇ. ನಾವು ನೆಟ್ಟಗೆ ನಿಲ್ಲೋದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಕಿವಿಯೊಳಗಿನ ತೋಲನದ ಅಂಗ, ಮತ್ತೆ ಅಂಗಾಲು ಕೀಲುಗಳ ಸ್ಪರ್ಶ. ವಯಸ್ಸಾದಂತೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ರೆ, ಅಂಗಾಲು ಮರಗಟ್ಟುತ್ತೆ. ಹಗಲಲ್ಲಿ ಕಣ್ಣು ಸಂಭಾಳಿಸುತ್ತೆ. ರಾತ್ರಿ ಕರೆಂಟ್ ಹೋದಾಗ, ಬಚ್ಚಲಲ್ಲಿ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂಕ ತಪ್ಪೋದು ಇದಕ್ಕೇ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಚಪ್ಪಲಿಯೊಳಗೆ ಹಾಕೋ, ನಡುಗೋ ಹಾಸು ಮಾಡಿ ನೋಡಿದ್ರು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ನಡುಕ ಎಷ್ಟು ಸಣ್ಣದು ಅಂದ್ರೆ ಹಾಕಿದವರಿಗೇ ಗೊತ್ತಾಗಲ್ಲ. ಆದ್ರೆ ಆ ಸಣ್ಣ ನಡುಕ ಮಂಕಾದ ನರಕ್ಕೆ ನೆಲದ ಒತ್ತಡ ಗುರುತಿಸೋಕೆ ನೆರವಾಗುತ್ತೆ. ನಿಂತಾಗ ಹಿರಿಯರ ಮೈ ತೂಗಾಟ ಕಮ್ಮಿ ಆಯ್ತು. ಒಳ್ಳೆ ವಿಚಾರವೇ. ಆದ್ರೆ ಅದರಲ್ಲಿದ್ದ ಹಿರಿಯರು ಬರೀ 12 ಜನ, ನೋಡಿದ್ದು ಪ್ರಯೋಗಾಲಯದಲ್ಲಿ ಸುಮ್ನೆ ನಿಂತಾಗ. ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಹಾವಸೆ ಕಟ್ಟಿದ ಅಂಗಳ ದಾಟೋ ನಮ್ಮಮ್ಮಂದಿರಿಗೆ ಅದನ್ನ ಎಲ್ಲಿ ಸೇರಿಸೋದು?

ಮೂರನೇದು ಸೊಂಟಕ್ಕೆ ಕಟ್ಟೋ ಯಂತ್ರ. ಜಪಾನಿನ ಹೋಂಡಾ ಕಂಪನಿ ತನ್ನ ಅಸಿಮೊ ರೋಬೋಟಿನ ನಡಿಗೆಯ ಅಭ್ಯಾಸದಿಂದಲೇ ಇಂಥದ್ದೊಂದು ಮಾಡಿ, 2015ರಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಬಾಡಿಗೆಗೆ ಕೊಡೋಕೆ ಶುರು ಮಾಡ್ತು. ತೂಕ ಸುಮಾರು 2.7 ಕಿಲೋ. ಸೊಂಟದ ಎರಡೂ ಕಡೆ ಮೋಟಾರು. ಕಾಲು ಎತ್ತೋ ಕೋನ ನೋಡಿ ತೊಡೆಗೆ ಸರಿಯಾದ ಹೊತ್ತಿಗೆ ಸ್ವಲ್ಪ ಆಸರೆ ಕೊಡುತ್ತೆ. ಗಮನಿಸಿ, ಅವರು ಅದನ್ನ ಕೊಟ್ಟಿದ್ದು ಆಸ್ಪತ್ರೆಗೆ, ನಡಿಗೆ ಮತ್ತೆ ಕಲಿಸೋಕೆ. ಸಮತಟ್ಟು ನೆಲ, ಪಕ್ಕದಲ್ಲಿ ತಿಳಿದವರು. ಆ ಜಾಗಕ್ಕೆ ಅದು ಸರಿ. ನಮ್ಮ ತಾಲೂಕು ಆಸ್ಪತ್ರೆಗೆ ಅಂಥದ್ದೊಂದು ಬಂದ್ರೆ ನಾನೇ ಮೊದಲು ಹೊಗಳ್ತೀನಿ. ಬಸಿಗಾಲುವೆ ದಾಟೋಕೆ ಮನೆಗೆ ತರೋ ವಸ್ತು ಅದಲ್ಲ.

ಮೆಡಿಕಲ್ ಶಾಪಲ್ಲಿ ಸಿಗೋ ಮೊಣಕಾಲು ಪಟ್ಟಿ ನೋವಿಗೆ ಹಿತ ಕೊಡಬಹುದು. ಕಾಲಿಗೆ ಬಲ ತಂದುಕೊಡಲ್ಲ.

ಹಾಗಾದ್ರೆ ಬಲ ಎಲ್ಲಿಂದ? ಅದಕ್ಕೂ ಒಂದು ತೊಡುವ ವಸ್ತುವೇ ಇದೆ, ಬ್ಯಾಟರಿ ಬೇಡ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಮನೆಯಲ್ಲೇ ಮಾಡೋ ವ್ಯಾಯಾಮದ ಒಂದು ಕ್ರಮ ರೂಪಿಸಿದ್ರು. ಕಣಕಾಲಿಗೆ ತೂಕದ ಪಟ್ಟಿ ಕಟ್ಕೊಂಡು ಕಾಲು ನೀಡೋದು, ಮಡಿಸೋದು. ಆಮೇಲೆ ಹಿಮ್ಮಡಿ ಎತ್ತೋದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯೋದು, ಕೈ ಊರದೆ ಕುರ್ಚಿಯಿಂದ ಏಳೋದು. ವಾರಕ್ಕೆ ಮೂರು ಸಲ. 2019ರಲ್ಲಿ ಕೊಕ್ರೇನ್ ಸಂಸ್ಥೆಯವರು ಇಂಥ ವ್ಯಾಯಾಮಗಳ ಮೇಲಿನ 108 ಅಧ್ಯಯನ ಒಟ್ಟುಗೂಡಿಸಿ ನೋಡಿದ್ರು, ಭಾಗವಹಿಸಿದವರು 23 ಸಾವಿರಕ್ಕಿಂತ ಹೆಚ್ಚು. ಬೀಳೋ ಪ್ರಮಾಣ ಶೇ. 23 ಕಮ್ಮಿ. ಅಂದ್ರೆ 100 ಸಲ ಬೀಳೋ ಕಡೆ 77 ಸಲ. ಇಷ್ಟು ಗಟ್ಟಿ ಪುರಾವೆ ಇರೋ ಗ್ಯಾಜೆಟ್ ನನಗೆ ಕಂಡಿಲ್ಲ.

"ತೋಟದಲ್ಲಿ ದಿನವಿಡೀ ನಡೆಯೋರಿಗೆ ವ್ಯಾಯಾಮ ಯಾಕೆ?" ಅಂತ ಕೇಳ್ತೀರಿ, ಗೊತ್ತು. ನಡಿಗೆ ಬೇರೆ, ತೋಲನದ ಅಭ್ಯಾಸ ಬೇರೆ. ಅದೂ ಅಲ್ದೆ ಮಳೆಗಾಲದ ನಾಲ್ಕು ತಿಂಗಳು ನಮ್ಮ ಹಿರಿಯರು ಒಲೆಬದಿ ಬಿಟ್ಟು ಏಳೋದೇ ಕಮ್ಮಿ. ಮಳೆ ಹೊಳವಾಗಿ ತೋಟಕ್ಕೆ ಇಳಿಯೋ ಹೊತ್ತಿಗೆ ಕಾಲು ಸೋತಿರುತ್ತೆ.

ಈ ವಾರ ಮಾಡಬಹುದಾದ ಕೆಲಸ ಹೇಳ್ತೀನಿ. ಜಗಲಿಯಲ್ಲಿ ಕುರ್ಚಿ ಇಟ್ಟು, ಮೂರು ಮೀಟರಿಗೆ ಗುರುತು ಹಾಕಿ. ಕುರ್ಚಿಯಿಂದ ಎದ್ದು, ಅಲ್ಲಿವರೆಗೆ ನಡೆದು, ತಿರುಗಿ ಬಂದು ಕೂರೋಕೆ ಎಷ್ಟು ಹೊತ್ತು? 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತೇ ಇರಿ. ಹೆಚ್ಚು ಹೊತ್ತು ಹಿಡಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದ ಎದ್ದಕೂಡ್ಲೆ ತಲೆ ಸುತ್ತೋದೂ ಉಂಟು, ಅದನ್ನ ಅವರಿಗೆ ಹೇಳಿ. ತಾವೇ ಮಾತ್ರೆ ನಿಲ್ಲಿಸ್ಬೇಡಿ. ವ್ಯಾಯಾಮವನ್ನೂ ಮೊದಲ ಸಲ ಫಿಸಿಯೋಥೆರಪಿಯವರಿಂದ ನೋಡಿ ಕಲಿಯೋದು ಒಳ್ಳೇದು.

ಕೋಲು ಹಿಡಿಯೋದಾದ್ರೆ ಅದರ ತಲೆ ಮಣಿಕಟ್ಟಿನ ಎತ್ತರಕ್ಕಿರಲಿ. ನೋವಿರೋ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ಬಹಳ ಜನ ಉಲ್ಟಾ ಹಿಡೀತಾರೆ. ಬುಡದ ರಬ್ಬರ್ ಸವೆದಿದ್ರೆ ಬದಲಾಯಿಸಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಬಿಪಿಎಲ್ ಕಾರ್ಡ್ ಇರೋ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ 60 ದಾಟಿದವರಿಗೆ ಕೋಲು, ವಾಕರ್, ಕನ್ನಡಕ, ಶ್ರವಣ ಸಾಧನ ಉಚಿತವಾಗಿ ಕೊಡ್ತಾರೆ. ಶಿಬಿರ ಯಾವಾಗ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ.

ಅಂಗಳಕ್ಕೆ ಸೋಗೆ ಹಾಸಿ, ಸಂಕಕ್ಕೆ ಎರಡೂ ಕಡೆ ಅಡಿಕೆ ದಬ್ಬೆಯ ಕೈತಾಂಗು ಕಟ್ಟಿ, ಬಚ್ಚಲ ಗೋಡೆಗೆ ಹಿಡಿಕೆ ಹಾಕ್ಸಿ. ಇದೆಲ್ಲ ಮಾಡಿ ಕೈಯಲ್ಲಿ ದುಡ್ಡು ಉಳಿದ್ರೆ ವಾಚು ಖಂಡಿತ ತಗೊಳ್ಳಿ. ಮಕ್ಕಳು ಏನು ತರಲಿ ಅಂತ ಫೋನಲ್ಲಿ ಕೇಳಿದ್ರೆ, ಎರಡು ದಿನ ರಜೆ ಹಾಕಿ ಬಂದು ಸಂಕದ ಕೈತಾಂಗು ಕಟ್ಟಿಕೊಡೋಕೆ ಹೇಳಿ. ಇಂಥ ವಾಚು ಬೆಲ್ಟು ಬಳಸಿ ನೋಡಿದವರು ನಿಮ್ಮಲ್ಲಿದ್ರೆ, ಮಳೆಯಲ್ಲಿ ಅದು ಹೇಗೆ ಕೆಲಸ ಮಾಡ್ತು ಅಂತ ಬರೀರಿ. ಉಳಿದವರಿಗೆ ಉಪಯೋಗ ಆಗುತ್ತೆ.